ಹಕ್ಕಿನ ಊಟ, ಹಂಗಿನ ಮೊಟ್ಟೆ

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಮೊದಲು ವಾರಕ್ಕೆ ಎರಡು ದಿನ ಮೊಟ್ಟೆ ಕೊಡುತ್ತಿದ್ದರು. ಈಗ ಆರು ದಿನ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಎರಡು ದಿನದ ಮೊಟ್ಟೆ ಸರ್ಕಾರದ್ದು, ಉಳಿದ ನಾಲ್ಕು ದಿನದ್ದು ವಿಪ್ರೊ ಕಂಪನಿಯ ಅಜೀಂ ಪ್ರೇಮ್‌ಜಿಯವರ ಫೌಂಡೇಶನ್ನಿನದು. 2024ರ ಜುಲೈನಲ್ಲಿ ಒಪ್ಪಂದ ಆಯಿತು. ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ, 50 ಲಕ್ಷಕ್ಕೂ ಜಾಸ್ತಿ ಮಕ್ಕಳು.

ಆಗ ಜನರ ಬಾಯಲ್ಲಿ ಬಂದದ್ದು ಹೊಗಳಿಕೆಯೇ. "ಪುಣ್ಯಾತ್ಮ, ನೂರು ವರ್ಷ ಬಾಳಲಿ" ಅಂದರು. ದುಡ್ಡಿದ್ದರೆ ಇಂಥವರ ಹತ್ತಿರ ಇರಬೇಕು ಅಂದರು.

ಒಂದು ವರ್ಷ ಕಳೆಯಿತು. 2025ರ ಸೆಪ್ಟೆಂಬರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅದೇ ಪ್ರೇಮ್‌ಜಿಯವರಿಗೆ ಒಂದು ಪತ್ರ ಬರೆದರು. ಬೆಂಗಳೂರಿನ ಹೊರವರ್ತುಲ ರಸ್ತೆಯ ಟ್ರಾಫಿಕ್ ಗೊತ್ತಲ್ಲ? ಸರ್ಜಾಪುರದ ವಿಪ್ರೊ ಕ್ಯಾಂಪಸ್ಸಿನ ಒಳಗಿಂದ ಒಂದಿಷ್ಟು ವಾಹನಗಳನ್ನು ಬಿಟ್ಟರೆ ಸುತ್ತಲಿನ ದಟ್ಟಣೆ ಶೇ 30ರ ಹತ್ತಿರ ಇಳಿಯಬಹುದು ಎಂಬುದು ಕೋರಿಕೆ. ಪ್ರೇಮ್‌ಜಿ ನಯವಾಗಿಯೇ ಆಗುವುದಿಲ್ಲ ಎಂದರು. ಅದು ವಿಶೇಷ ಆರ್ಥಿಕ ವಲಯ (ರಫ್ತು ಮಾಡುವ ಕಂಪನಿಗಳಿಗೆ ಬೇರೆಯೇ ನಿಯಮಗಳಿರುವ ಜಾಗ), ಷೇರುಪೇಟೆಯಲ್ಲಿರುವ ಕಂಪನಿಯ ಖಾಸಗಿ ಆಸ್ತಿ, ಸಾರ್ವಜನಿಕರ ಓಡಾಟಕ್ಕೆ ಮಾಡಿದ್ದಲ್ಲ ಎಂದು ಉತ್ತರಿಸಿದರು. ಬೇಕಿದ್ದರೆ ಟ್ರಾಫಿಕ್ ಬಗ್ಗೆ ತಜ್ಞರಿಂದ ಅಧ್ಯಯನ ಮಾಡಿಸಿ, ಖರ್ಚಿನಲ್ಲಿ ದೊಡ್ಡ ಪಾಲು ಕೊಡುತ್ತೇವೆ ಎಂದೂ ಸೇರಿಸಿದರು.

ಈ ಸಲ ಜನ ಒಂದೇ ಮಾತು ಆಡಲಿಲ್ಲ. "ಅಷ್ಟು ದೊಡ್ಡ ದಾನಿ, ಒಂದು ದಾರಿ ಬಿಡೋಕೆ ಆಗಲ್ವಾ?" ಎಂದು ಕೆಲವರು. "ರಸ್ತೆ ಮಾಡಬೇಕಾದ್ದು ಸರ್ಕಾರ, ಅವರ ಕಾಂಪೌಂಡ್ ಯಾಕೆ ಕೇಳ್ತೀರಿ?" ಎಂದು ಇನ್ನು ಕೆಲವರು. ನನಗೆ ಎರಡನೇ ಮಾತು ಸರಿ ಅನಿಸಿತು. ಆದರೆ ಅದನ್ನು ಒಪ್ಪಿದ ಮೇಲೆ ಮೊಟ್ಟೆಯ ವಿಷಯಕ್ಕೂ ಅದೇ ಪ್ರಶ್ನೆ ಕೇಳಬೇಕಾಗುತ್ತದೆ. ರಸ್ತೆ ಸರ್ಕಾರದ ಕೆಲಸವಾದರೆ ಮಗುವಿನ ತಟ್ಟೆಯ ಮೊಟ್ಟೆ ಯಾರ ಕೆಲಸ?

ಅತಿ ಶ್ರೀಮಂತರ ಬಗ್ಗೆ ನಮ್ಮ ಅಭಿಪ್ರಾಯ ಯಾಕಿಷ್ಟು ಹೊಯ್ದಾಡುತ್ತದೆ ಎಂಬುದು ಇಲ್ಲೇ ತಿಳಿಯುತ್ತದೆ. ನಾವು ಮನುಷ್ಯನನ್ನು ತೂಗುತ್ತೇವೆ. ಸರಳವಾಗಿ ಬದುಕುತ್ತಾರಾ, ಜಂಬ ಇದೆಯಾ, ಕೊಡುಗೈ ಹೌದಾ, ನಮ್ಮೂರಿಗೆ ಏನು ಮಾಡಿದರು ಎಂದು ನೋಡುತ್ತೇವೆ. ವ್ಯವಸ್ಥೆಯನ್ನು ತೂಗುವುದು ಅಪರೂಪ.

ಮೊದಲು ಸಂಪತ್ತಿನ ಅಳತೆ ನೋಡೋಣ. ಕೋಟಿ ಅನ್ನುವ ಪದ ನಮಗೆ ಸಲೀಸಾಗಿಬಿಟ್ಟಿದೆ. ಬೆಂಗಳೂರಿನಲ್ಲಿ ಒಂದು 30x40 ಸೈಟಿದ್ದವನೂ ಕೋಟ್ಯಧಿಪತಿಯೇ. ಆದರೆ ಬಿಲಿಯನೇರ್ ಎಂದರೆ ನೂರು ಕೋಟಿ ಡಾಲರ್ ಇರುವವರು. 2025ರ ದರದಲ್ಲಿ ಸುಮಾರು 8,500 ಕೋಟಿ ರೂಪಾಯಿ. ತಿಂಗಳಿಗೆ ಒಂದು ಲಕ್ಷ ಸಂಬಳ ಬರುವವರು ಒಂದು ಪೈಸೆಯನ್ನೂ ಖರ್ಚು ಮಾಡದೆ ಕೂಡಿಟ್ಟರೆ ಅಲ್ಲಿಗೆ ಮುಟ್ಟಲು 70 ಸಾವಿರ ವರ್ಷ ಬೇಕು. ಫೋರ್ಬ್ಸ್‌ನ 2025ರ ಪಟ್ಟಿಯಲ್ಲಿ ಇಂಥವರು ಜಗತ್ತಿನಲ್ಲಿ 3,028 ಜನ, ಭಾರತದಲ್ಲಿ 205. ವರ್ಲ್ಡ್ ಇನ್‌ಈಕ್ವಾಲಿಟಿ ಲ್ಯಾಬ್ 2024ರಲ್ಲಿ ಹಾಕಿದ ಲೆಕ್ಕದ ಪ್ರಕಾರ, 2022-23ರಲ್ಲಿ ಭಾರತದ ಮೇಲಿನ ಶೇ 1 ಜನರ ಕೈಯಲ್ಲಿ ದೇಶದ ಸಂಪತ್ತಿನ ಶೇ 40.1 ಪಾಲಿತ್ತು.

ಇದನ್ನು ಜನ ಹೇಗೆ ನೋಡುತ್ತಾರೆ? ಬಿಲಿಯನೇರುಗಳು ಇರುವುದು ದೇಶಕ್ಕೆ ಒಳ್ಳೆಯದಾ ಕೆಟ್ಟದ್ದಾ ಎಂದು ಅಮೆರಿಕದಲ್ಲಿ ಪ್ಯೂ ಸಂಸ್ಥೆ 2021ರಲ್ಲಿ ನೇರವಾಗಿ ಕೇಳಿತ್ತು. ಶೇ 29 ಜನ ಕೆಟ್ಟದ್ದು ಎಂದರು, ಶೇ 15 ಜನ ಒಳ್ಳೆಯದು ಎಂದರು. ಅರ್ಧಕ್ಕಿಂತ ಹೆಚ್ಚು ಜನಕ್ಕೆ, ಅಂದರೆ ಶೇ 55 ಮಂದಿಗೆ, ಎರಡೂ ಅಲ್ಲ. 30 ವರ್ಷದೊಳಗಿನವರಲ್ಲಿ ಮಾತ್ರ ಕೆಟ್ಟದ್ದು ಎಂದವರು ಅರ್ಧದಷ್ಟಿದ್ದರು. ಅದೇ ಸಂಸ್ಥೆ 2025ರ ಆರಂಭದಲ್ಲಿ 36 ದೇಶಗಳ ಅಭಿಪ್ರಾಯ ಪ್ರಕಟಿಸಿತು. ಬಡವ-ಬಲ್ಲಿದರ ಅಂತರ ತಮ್ಮ ದೇಶದಲ್ಲಿ ತುಂಬಾ ದೊಡ್ಡ ಸಮಸ್ಯೆ ಎಂದವರು ಮಧ್ಯಮ ಲೆಕ್ಕದಲ್ಲಿ ಶೇ 54. ಶ್ರೀಮಂತರಿಗೆ ರಾಜಕೀಯದಲ್ಲಿ ವಿಪರೀತ ಪ್ರಭಾವ ಇರುವುದೇ ಇದಕ್ಕೆ ದೊಡ್ಡ ಕಾರಣ ಎಂದವರು ಶೇ 60. ಅಂದರೆ ಜನಕ್ಕೆ ಒಬ್ಬರ ಹತ್ತಿರ ದುಡ್ಡಿರುವುದು ಅಷ್ಟೇನೂ ಚುಚ್ಚುವುದಿಲ್ಲ. ಆ ದುಡ್ಡು ಮಂತ್ರಿಯ ಮನೆ ಬಾಗಿಲು ತೆರೆಸುತ್ತದೆ ಎಂಬುದು ಚುಚ್ಚುತ್ತದೆ.

ನಮ್ಮಲ್ಲೂ ಹಾಗೇ. 2024ರ ಜುಲೈನಲ್ಲಿ ಅಂಬಾನಿ ಮನೆಯ ಮದುವೆ ನಡೆದಾಗ ಜನ ಕಣ್ಣರಳಿಸಿಯೇ ನೋಡಿದರು. ಸೀರೆ, ವಜ್ರ, ಬಂದ ಅತಿಥಿಗಳು ಎಲ್ಲದರ ಲೆಕ್ಕ ಇಟ್ಟರು. ಆದರೆ ಅದೇ ತಿಂಗಳ ಮೊದಲ ವಾರದಲ್ಲಿ ಜಿಯೊ ರೀಚಾರ್ಜ್ ದರ ಏರಿತ್ತು. ಏರ್‌ಟೆಲ್, ವಿಐ ಕೂಡ ಏರಿಸಿದ್ದವು, ಅದನ್ನು ಯಾರೂ ನೆನಪಿಡಲಿಲ್ಲ. "ಮದುವೆಗೆ ನಾವೂ ಮುಯ್ಯಿ ಹಾಕಿದ್ದೀವಿ, ಊಟಕ್ಕೆ ಮಾತ್ರ ಕರೀಲಿಲ್ಲ" ಎಂಬ ಜೋಕು ಊರೆಲ್ಲ ಓಡಾಡಿತು. ಜೋಕಾದರೂ ಅದರೊಳಗೆ ಒಂದು ಲೆಕ್ಕ ಇದೆ: ಆ ಸಂಪತ್ತು ಎಲ್ಲಿಂದ ಬಂತು ಎಂಬುದು.

ಐಟಿ ಶ್ರೀಮಂತರ ಬಗ್ಗೆ ಕನ್ನಡಿಗರಿಗೆ ಇಷ್ಟು ಸಿಟ್ಟಿಲ್ಲ. ಅದಕ್ಕೆ ಕಾರಣ ಸುಲಭ. ನಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಒಬ್ಬರು ಆ ಕಂಪನಿಯ ಸಂಬಳದಲ್ಲಿ ಮನೆ ಕಟ್ಟಿದ್ದಾರೆ. ಇನ್ಫೋಸಿಸ್ ತೊಂಬತ್ತರ ದಶಕದಲ್ಲೇ ಕೆಲಸದವರಿಗೆ ಷೇರು ಹಂಚಿತ್ತು. ಪ್ರೇಮ್‌ಜಿ ವಿಮಾನದಲ್ಲಿ ಎಕಾನಮಿ ಸೀಟಿನಲ್ಲೇ ಕೂರುತ್ತಾರೆ ಎಂಬ ಕಥೆಗಳೂ ಇವೆ. ಈ ಪ್ರೀತಿ ಬೇಗ ಹಳಸುವುದೂ ಉಂಟು. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ನಾರಾಯಣ ಮೂರ್ತಿ 2023ರ ಅಕ್ಟೋಬರಿನಲ್ಲಿ ಹೇಳಿದರು. ಐದು ತಿಂಗಳಾದ ಮೇಲೆ ನಾಲ್ಕು ತಿಂಗಳ ಮೊಮ್ಮಗನಿಗೆ ಸುಮಾರು 240 ಕೋಟಿ ಮೌಲ್ಯದ ಷೇರು ಕೊಟ್ಟರು. ಅವರ ಷೇರು, ಅವರ ಮೊಮ್ಮಗ, ಕಾನೂನಿನಲ್ಲಿ ತಪ್ಪೇನಿಲ್ಲ. ಆದರೆ "ಆ ಮಗು ಎಷ್ಟು ಗಂಟೆ ದುಡಿಯಿತು?" ಎಂದು ಜನ ಕೇಳದೆ ಬಿಡಲಿಲ್ಲ.

ದಾನದ ಬಗ್ಗೆ ನಮಗೆ ನಮ್ಮದೇ ಭಾಷೆ ಇದೆ, ಅಳತೆಗೋಲೂ ಇದೆ. ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎನ್ನುತ್ತೇವೆ. ಹಾಗೆನ್ನುತ್ತಲೇ ದೇವಸ್ಥಾನದ ಫ್ಯಾನಿನ ರೆಕ್ಕೆಯ ಮೇಲೂ ದಾನಿಯ ಹೆಸರು ಬರೆಸುತ್ತೇವೆ. ಕೆಲವು ಟ್ಯೂಬ್‌ಲೈಟುಗಳಲ್ಲಿ ಹೆಸರು ಎಷ್ಟು ದಪ್ಪಗಿರುತ್ತದೆ ಎಂದರೆ ಬೆಳಕು ಬರುವುದೇ ಕಷ್ಟ. ಬೆಂಗಳೂರು ಮೆಟ್ರೋದ ಹಳದಿ ಮಾರ್ಗದಲ್ಲಿ ಕೋನಪ್ಪನ ಅಗ್ರಹಾರದ ನಿಲ್ದಾಣಕ್ಕೆ ಇನ್ಫೋಸಿಸ್ ಫೌಂಡೇಶನ್ ಹೆಸರಿದೆ, ಹೆಬ್ಬಗೋಡಿಗೆ ಬಯೋಕಾನ್ ಹೆಸರಿದೆ. ಟ್ಯೂಬ್‌ಲೈಟಿನದೇ ದೊಡ್ಡ ರೂಪ ಇದು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಕಂಪನಿಗಳು ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಹೆಸರಲ್ಲಿ ಮಾಡುವ ಖರ್ಚು ದಾನವಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ದಾಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು. ಶಾಲೆಗೆ ಬೆಂಚು ಕೊಟ್ಟ ಕಂಪನಿಯ ಮ್ಯಾನೇಜರಿಗೆ ಊರವರು ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ ಸನ್ಮಾನ ಮಾಡುತ್ತಾರೆ. ಕಂದಾಯ ಕಟ್ಟಿದವರಿಗೆ ಯಾರಾದರೂ ಹಾರ ಹಾಕುತ್ತಾರಾ?

ಸ್ವಂತ ಆಸ್ತಿ ಕೊಡುವುದು ಬೇರೆ. ಅರ್ಧಕ್ಕಿಂತ ಹೆಚ್ಚು ಸಂಪತ್ತನ್ನು ಕೊಡುತ್ತೇವೆ ಎಂಬ ಗಿವಿಂಗ್ ಪ್ಲೆಡ್ಜ್ 2010ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಬಿಲ್ ಗೇಟ್ಸ್, ವಾರನ್ ಬಫೆಟ್ ಮುಂದೆ ನಿಂತು ಮಾಡಿದ್ದು. ಅದಕ್ಕೆ ಸಹಿ ಹಾಕಿದ ಮೊದಲ ಭಾರತೀಯ ಪ್ರೇಮ್‌ಜಿ, 2013ರಲ್ಲಿ. ಆಮೇಲೆ ಕಿರಣ್ ಮಜುಂದಾರ್ ಷಾ, ನಂದನ್ ಮತ್ತು ರೋಹಿಣಿ ನಿಲೇಕಣಿ, ನಿಖಿಲ್ ಕಾಮತ್ ಸೇರಿದರು. ಭಾರತದ ಕಡೆಯಿಂದ ಸಹಿ ಹಾಕಿದವರಲ್ಲಿ ಬೆಂಗಳೂರಿನವರೇ ಎದ್ದು ಕಾಣುತ್ತಾರೆ. ಆದರೆ ಇದು ಮಾತು ಕೊಡುವುದಷ್ಟೇ, ಕಾನೂನಿನ ಕಟ್ಟಿಲ್ಲ. ಹೆಚ್ಚಿನವರು ಮಾತಿನಲ್ಲೇ ಇರುವಾಗ ಪ್ರೇಮ್‌ಜಿ ನಿಜವಾಗಿಯೂ ಕೊಟ್ಟರು. 2019ರ ಮಾರ್ಚಿನಲ್ಲಿ ಇನ್ನೂ 52,750 ಕೋಟಿಯ ಷೇರಿನ ಲಾಭವನ್ನು ಫೌಂಡೇಶನ್ನಿಗೆ ಬರೆದಾಗ, ಅವರು ಕೊಟ್ಟದ್ದರ ಒಟ್ಟು ಮೌಲ್ಯ 1.45 ಲಕ್ಷ ಕೋಟಿ ಆಯಿತು. ಭಾರತದಲ್ಲಿ ಈ ಕಾಲದ ಯಾವ ಶ್ರೀಮಂತರೂ ಇದರ ಹತ್ತಿರ ಬಂದಿಲ್ಲ.

ಈಗ ಒಂದು ಕಾಕತಾಳೀಯ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಕಂಪನಿಗಳ ಆದಾಯ ತೆರಿಗೆಯನ್ನು ಶೇ 30ರಿಂದ 22ಕ್ಕೆ ಇಳಿಸಿತು. ಇದರಿಂದ ಬೊಕ್ಕಸಕ್ಕೆ ವರ್ಷಕ್ಕೆ ಎಷ್ಟು ಖೋತಾ ಎಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರೇ ಹೇಳಿದರು: 1.45 ಲಕ್ಷ ಕೋಟಿ. ದೇಶದ ಅತಿ ದೊಡ್ಡ ದಾನಿ ಜೀವಮಾನವಿಡೀ ಕೊಟ್ಟದ್ದೂ, ಸರ್ಕಾರ ಒಂದು ಬೆಳಗಿನ ಘೋಷಣೆಯಲ್ಲಿ ಒಂದು ವರ್ಷಕ್ಕೆ ಬಿಟ್ಟುಕೊಟ್ಟದ್ದೂ ಒಂದೇ ಮೊತ್ತ. ಎರಡೂ ಒಂದೇ ತರಹದ ಲೆಕ್ಕವಲ್ಲ, ಒಪ್ಪುತ್ತೇನೆ. ಒಂದು ಷೇರಿನ ಮೌಲ್ಯ, ಇನ್ನೊಂದು ತೆರಿಗೆಯ ಅಂದಾಜು. ಆದರೂ ಮೊದಲನೆಯದರ ಬಗ್ಗೆ ವಾರಗಟ್ಟಲೆ ಮಾತಾಡಿದ ನಾವು ಎರಡನೆಯದನ್ನು ಒಂದೇ ದಿನದಲ್ಲಿ ಮರೆತೆವು.

ದಾನದ ಒಳಗೂ ಸ್ವಲ್ಪ ತೆರಿಗೆಯ ದುಡ್ಡಿರುತ್ತದೆ. ಷೇರನ್ನು ಟ್ರಸ್ಟಿಗೆ ಬರೆದರೆ ಬಂಡವಾಳ ಲಾಭದ ತೆರಿಗೆ ಇಲ್ಲ. ನೋಂದಾಯಿತ ಟ್ರಸ್ಟು ತನ್ನ ಆದಾಯದ ಶೇ 85ನ್ನು ಧರ್ಮಾರ್ಥ ಕೆಲಸಕ್ಕೆ ಬಳಸಿದರೆ ಆ ಆದಾಯಕ್ಕೂ ತೆರಿಗೆ ಇಲ್ಲ. ಇದು ಮೋಸವಲ್ಲ, ಕಾನೂನೇ ಹಾಗಿದೆ, ಇರಬೇಕಾದ್ದೂ ಹೌದು. ಇನ್ನೂ ಹಿಂದಕ್ಕೆ ಹೋದರೆ, ಸಾಫ್ಟ್‌ವೇರ್ ಪಾರ್ಕಿನ ಕಂಪನಿಗಳ ರಫ್ತಿನ ಲಾಭಕ್ಕೆ 2011ರವರೆಗೂ ತೆರಿಗೆ ವಿನಾಯಿತಿ ಇತ್ತು. ಅದು ಮುಗಿಯುವ ಮೊದಲೇ ವಿಶೇಷ ಆರ್ಥಿಕ ವಲಯಗಳ ವಿನಾಯಿತಿಯೂ ಬಂತು. ದಾರಿ ಬಿಡಲು ಅಡ್ಡವಾದದ್ದೂ ಅದೇ ವಿಶೇಷ ಆರ್ಥಿಕ ವಲಯದ ನಿಯಮ ತಾನೇ. ಆ ಸಂಪತ್ತಿನಲ್ಲಿ ಬುದ್ಧಿ, ಶ್ರಮ, ಧೈರ್ಯ ಎಲ್ಲ ಇದೆ. ನಾವು ಪಡೆಯದೆ ಬಿಟ್ಟ ತೆರಿಗೆಯೂ ಇದೆ.

ಹಾಗಿದ್ದರೆ ತೊಂದರೆ ಏನು? ದುಡ್ಡು ಒಳ್ಳೆಯ ಕೆಲಸಕ್ಕೇ ಹೋಗುತ್ತಿದೆಯಲ್ಲ? ಇದಕ್ಕೆ ಉತ್ತರ ಬೇಕಿದ್ದರೆ ನಮ್ಮ ಹಳೇ ಹಾಸ್ಟೆಲುಗಳನ್ನು ನೋಡಬೇಕು.

ಸಿರಸಂಗಿ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ತಮ್ಮ ಸಂಸ್ಥಾನದ ಆಸ್ತಿಯನ್ನೆಲ್ಲ ಲಿಂಗಾಯತ ಮಕ್ಕಳ ಓದಿಗೆ ಬರೆದಿಟ್ಟಿದ್ದರು. ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರ ಗುಬ್ಬಿ ತೋಟದಪ್ಪನವರ ಛತ್ರ ಇವತ್ತಿಗೂ ಇದೆ, ಅವರ ಹೆಸರಿನ ಹಾಸ್ಟೆಲಿನಲ್ಲಿ ಓದಿದವರು ನಾಡಿನ ತುಂಬ ಇದ್ದಾರೆ. ಬೇರೆ ಸಮುದಾಯಗಳಲ್ಲೂ ಇಂಥ ದಾನಿಗಳಿದ್ದರು. ಅವರ ಅನ್ನ ತಿಂದು ಓದಿದ ಮಕ್ಕಳು ವಕೀಲರಾದರು, ಡಾಕ್ಟರಾದರು, ಮಂತ್ರಿಗಳಾದರು. ಕರ್ನಾಟಕದ ಅರ್ಧ ಚರಿತ್ರೆ ಈ ಹಾಸ್ಟೆಲುಗಳ ಊಟದ ಮನೆಯಲ್ಲಿ ನಡೆದಿದೆ ಎಂದರೆ ಉತ್ಪ್ರೇಕ್ಷೆ ಅನಿಸಲಾರದು.

ಆದರೆ ಸಾಹುಕಾರರೇ ಇಲ್ಲದ ಜಾತಿಗಳ ಕಥೆ? ಅಗಸರ, ಕುಂಬಾರರ, ಬೆಸ್ತರ ಮಕ್ಕಳಿಗೆ ಆಸ್ತಿ ಬರೆದಿಡುವ ದೇಸಾಯರು ಇರಲಿಲ್ಲ. ದಲಿತರಿಗಂತೂ ಮೊದಲೇ ಇಲ್ಲ. ದಾನಿ ತನ್ನ ಕಣ್ಣಿಗೆ ಬಿದ್ದವರಿಗೆ, ತನ್ನವರು ಅನಿಸಿದವರಿಗೆ ಕೊಟ್ಟ. ಅದು ಅವನ ಹಕ್ಕು. ಉಳಿದವರು ಕಾಯಬೇಕಾಯಿತು. 1970ರ ದಶಕದಲ್ಲಿ ದೇವರಾಜ ಅರಸರ ಕಾಲದಲ್ಲಿ ಹಿಂದುಳಿದ ವರ್ಗಗಳ ಸರ್ಕಾರಿ ಹಾಸ್ಟೆಲುಗಳು ತಾಲ್ಲೂಕು ತಾಲ್ಲೂಕಿಗೆ ಹಬ್ಬಿದ ಮೇಲೆಯೇ ಆ ಮಕ್ಕಳಿಗೆ ಪಟ್ಟಣದಲ್ಲಿ ಮಲಗಲು ಜಾಗ ಸಿಕ್ಕಿದ್ದು. ಆ ಸರ್ಕಾರಿ ಹಾಸ್ಟೆಲಿನ ಸಾರು ನೀರಾಗಿರುತ್ತಿತ್ತು, ನಿಜ. ಆದರೆ ಅದರ ಬಗ್ಗೆ ಜಗಳ ಮಾಡಬಹುದಿತ್ತು. ತಹಶೀಲ್ದಾರರ ಕಚೇರಿ ಮುಂದೆ ತಟ್ಟೆ ಬಡಿಯಬಹುದಿತ್ತು. ದಾನಿಯ ಮನೆ ಮುಂದೆ ತಟ್ಟೆ ಬಡಿಯಲು ಯಾರಿಗೆ ಬಾಯಿ ಬರುತ್ತದೆ?

ಇದಕ್ಕೆ ಕನ್ನಡದಲ್ಲಿ ಒಳ್ಳೆಯ ಪದ ಇದೆ, ಹಂಗು. ತೆರಿಗೆಯಿಂದ ಬಂದದ್ದರ ಮೇಲೆ ನಮಗೆ ಹಕ್ಕಿರುತ್ತದೆ, ದಾನವಾಗಿ ಬಂದರೆ ಹಂಗಿರುತ್ತದೆ. ಹೊಟ್ಟೆಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಬಾಯಿಗೆ ಗೊತ್ತಾಗುತ್ತದೆ.

ಶಾಲೆಯ ತಟ್ಟೆಗೇ ವಾಪಸ್ ಬರೋಣ. ಬಿಸಿಯೂಟ ಮಕ್ಕಳ ಹಕ್ಕು. ಸುಪ್ರೀಂ ಕೋರ್ಟ್ 2001ರ ನವೆಂಬರಿನಲ್ಲಿ ಬೇಯಿಸಿದ ಊಟ ಕೊಡಲೇಬೇಕು ಎಂದು ಆದೇಶಿಸಿತು. 2002ರಲ್ಲಿ ಕರ್ನಾಟಕ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರು ಮಾಡಿತು. 2013ರ ಆಹಾರ ಭದ್ರತಾ ಕಾಯ್ದೆ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಹಾಗಾಗಿ ತಟ್ಟೆಯಲ್ಲಿರುವ ಅನ್ನ ಸಾಂಬಾರು ಹಕ್ಕಿನದು. ಅದರ ಪಕ್ಕದಲ್ಲಿ ನಾಲ್ಕು ದಿನ ಕೂರುವ ಮೊಟ್ಟೆ ಒಬ್ಬರ ಮನಸ್ಸಿನದು.

ಮನಸ್ಸಿನದು ಎಂದೆ. ಅದನ್ನು ಇನ್ನೊಂದು ಕಡೆಯಿಂದಲೂ ನೋಡಬಹುದು. 2000ದಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಕ್ಷಯ ಪಾತ್ರ ಸಂಸ್ಥೆ ದೊಡ್ಡ ದೊಡ್ಡ ಅಡುಗೆಮನೆಗಳಿಂದ ಲಕ್ಷಾಂತರ ಮಕ್ಕಳಿಗೆ ಊಟ ಕಳಿಸುತ್ತದೆ. ಸರ್ಕಾರದ ಅನುದಾನದ ಜೊತೆ ಕಂಪನಿಗಳ, ಶ್ರೀಮಂತರ ದೇಣಿಗೆಯೂ ಅದಕ್ಕಿದೆ. ಆ ಊಟದಲ್ಲಿ ಮೊಟ್ಟೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ, ಏಕೆಂದರೆ ಅದು ಅವರ ನಂಬಿಕೆ. ಇದರ ಬಗ್ಗೆ ರಾಜ್ಯದಲ್ಲಿ ದೊಡ್ಡ ಚರ್ಚೆಯೇ ಆಯಿತು. ಇಬ್ಬರ ಉದ್ದೇಶವೂ ಒಳ್ಳೆಯದೇ ಇರಬಹುದು. ಆದರೆ ಮಗು ಏನು ತಿನ್ನಬೇಕು ಎಂಬುದನ್ನು ಕೊಡುವವರ ಮನಸ್ಸು ತೀರ್ಮಾನಿಸುತ್ತಿದೆ. ನನಗೆ ಮೊಟ್ಟೆ ಕೊಡುವವರು ಇಷ್ಟ. ಹಾಗಂತ ನನಗಿಷ್ಟವಾದ ದಾನಿ ಬಂದಾಗ ಚಪ್ಪಾಳೆ ತಟ್ಟಿ, ಇಷ್ಟವಾಗದ ದಾನಿ ಬಂದಾಗ ಮಾತ್ರ ಪ್ರಜಾಪ್ರಭುತ್ವದ ನೆನಪು ಮಾಡಿಕೊಂಡರೆ ಅದೆಂಥ ನ್ಯಾಯ?

ಸರ್ಕಾರಕ್ಕೆ ಇಷ್ಟು ದುಡ್ಡಿಲ್ಲವಾ? ಮೂರು ವರ್ಷಕ್ಕೆ 1,500 ಕೋಟಿ ಎಂದರೆ ವರ್ಷಕ್ಕೆ 500 ಕೋಟಿ. ಕರ್ನಾಟಕದ 2025-26ರ ಬಜೆಟ್ 4.09 ಲಕ್ಷ ಕೋಟಿ. ನೂರು ರೂಪಾಯಿಗೆ 12 ಪೈಸೆ. ದುಡ್ಡಿಗಿಂತ ಧೈರ್ಯದ ಕೊರತೆ ಜಾಸ್ತಿ ಇದ್ದಂತಿದೆ. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಬೀದಿಗಿಳಿದದ್ದು ನೆನಪಿರಬಹುದು.

ಖಾಸಗಿ ದುಡ್ಡು ಸಾರ್ವಜನಿಕ ಹಕ್ಕಾಗಿ ಬದಲಾದ ಉದಾಹರಣೆ ಇಲ್ಲವೆಂದಲ್ಲ. ಬೆಂಗಳೂರಿನ ಹಳಬರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ಜೆಮ್ಶೆಟ್‌ಜಿ ಟಾಟಾ ತಮ್ಮ ಆಸ್ತಿಯ ದೊಡ್ಡ ಭಾಗ ತೆಗೆದಿಟ್ಟರು. ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು. 1909ರಲ್ಲಿ ಸಂಸ್ಥೆ ಹುಟ್ಟುವ ಹೊತ್ತಿಗೆ ಟಾಟಾ ಬದುಕಿರಲಿಲ್ಲ. ದಾನಿಯ ದುಡ್ಡು ಒಳಗೆ ಬಂತು, ಸಂಸ್ಥೆ ದಾನಿಯ ಕೈಯಿಂದ ಹೊರಗೆ ಹೋಯಿತು. ಬಿಲ್ ಗೇಟ್ಸ್ ತಮ್ಮ ಫೌಂಡೇಶನ್ನನ್ನು 2045ಕ್ಕೆ ಮುಚ್ಚುತ್ತೇವೆ, ಅಷ್ಟರಲ್ಲಿ 200 ಬಿಲಿಯನ್ ಡಾಲರ್ ಖರ್ಚು ಮಾಡುತ್ತೇವೆ ಎಂದು 2025ರ ಮೇನಲ್ಲಿ ಹೇಳಿದ್ದಾರೆ. ಅದುವರೆಗೂ ಯಾವ ರೋಗಕ್ಕೆ ಮೊದಲು, ಯಾವ ದೇಶಕ್ಕೆ ಆಮೇಲೆ ಎಂಬುದನ್ನು ಅವರ ಆಫೀಸೇ ತೀರ್ಮಾನಿಸುತ್ತದೆ.

ಹಾಗಾದರೆ ತೆರಿಗೆ ಹಾಕಿ ಎಂದು ಜನ ಯಾಕೆ ಕೇಳುವುದಿಲ್ಲ? ಕೇಳುತ್ತಾರೆ, ಸಮೀಕ್ಷೆಯಲ್ಲಿ. ಇಪ್ಸೋಸ್ ಮತ್ತು ಅರ್ಥ್ ಫಾರ್ ಆಲ್ 2024ರಲ್ಲಿ ಜಿ20 ದೇಶಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಭಾರತದ ಶೇ 74 ಮಂದಿ ಶ್ರೀಮಂತರಿಗೆ ಹೆಚ್ಚು ತೆರಿಗೆ ಹಾಕಬೇಕು ಎಂದರು. ಚುನಾವಣೆಯ ಹೊತ್ತಿಗೆ ಈ ಧೈರ್ಯ ಕರಗುತ್ತದೆ. ಅದೇ ವರ್ಷದ ಏಪ್ರಿಲಿನಲ್ಲಿ ಮಂಗಳಸೂತ್ರ ಕಿತ್ತುಕೊಳ್ಳುತ್ತಾರೆ ಎಂಬ ಮಾತು ಆಗಲೇ ಎದ್ದಿತ್ತು; ಕಾಂಗ್ರೆಸ್ಸಿನ ಸ್ಯಾಮ್ ಪಿತ್ರೋಡಾ ಅಮೆರಿಕದ ಪಿತ್ರಾರ್ಜಿತ ಆಸ್ತಿ ತೆರಿಗೆಯ ಬಗ್ಗೆ ಮಾತಾಡಿದ್ದೇ ತಡ, ಗದ್ದಲ ಇನ್ನೂ ಜೋರಾಯಿತು. ಕಾಂಗ್ರೆಸ್ ಪಕ್ಷವೇ ಇದು ನಮ್ಮ ನಿಲುವಲ್ಲ ಎಂದು ಕೈತೊಳೆದುಕೊಂಡಿತು. 8,500 ಕೋಟಿಯವರಿಗೆ ಹಾಕುವ ತೆರಿಗೆ ಎಂದರೂ ಎರಡು ಎಕರೆ ಹೊಲದವನಿಗೆ ತನ್ನ ಹೊಲವೇ ಕಣ್ಣಿಗೆ ಬರುತ್ತದೆ. ಶ್ರೀಮಂತರು ಯಾರು ಎಂದು ಯಾರನ್ನು ಕೇಳಿದರೂ ತನಗಿಂತ ಒಂದು ಮೆಟ್ಟಿಲು ಮೇಲಿನವರನ್ನು ತೋರಿಸುತ್ತಾರೆ.

ಹಳೇ ಅನುಭವವೂ ಚೆನ್ನಾಗಿಲ್ಲ. ತೀರಿಕೊಂಡವರು ಬಿಟ್ಟುಹೋದ ಆಸ್ತಿಯ ಮೇಲೆ 1953ರಲ್ಲಿ ಬಂದ ತೆರಿಗೆ, ಎಸ್ಟೇಟ್ ಡ್ಯೂಟಿಯ ದರ ಶೇ 85ರವರೆಗೂ ಇತ್ತು. ಕೈಗೆ ಬಂದದ್ದು ಚಿಲ್ಲರೆ ಕಾಸು, 1985ರಲ್ಲಿ ರದ್ದಾಯಿತು. 1957ರ ಸಂಪತ್ತು ತೆರಿಗೆಯಿಂದ 2013-14ರಲ್ಲಿ ಸಿಕ್ಕಿದ್ದು 1,008 ಕೋಟಿ. ಅರುಣ್ ಜೇಟ್ಲಿ 2015ರ ಬಜೆಟ್ಟಿನಲ್ಲಿ ಅದನ್ನು ತೆಗೆದು, ಕೋಟಿ ದಾಟಿದ ಆದಾಯಕ್ಕೆ ಸರ್ಚಾರ್ಜ್ ಏರಿಸಿದರು. ಆದಾಯದ ಮೇಲೆ ಎಷ್ಟು ಸರ್ಚಾರ್ಜ್ ಹಾಕಿದರೂ ಮಾರದೆ ಇಟ್ಟುಕೊಂಡ ಷೇರಿನ ಬೆಲೆ ಹತ್ತು ಪಟ್ಟು ಏರಿದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಗೇಬ್ರಿಯಲ್ ಝುಕ್‌ಮನ್ 2024ರಲ್ಲಿ ಜಿ20ರ ಮುಂದಿಟ್ಟ ಸಲಹೆ ಈ ಸಂದಿಯನ್ನು ಮುಚ್ಚುವುದಕ್ಕೇ. ಜಗತ್ತಿನ ಸುಮಾರು ಮೂರು ಸಾವಿರ ಬಿಲಿಯನೇರುಗಳು ವರ್ಷಕ್ಕೆ ತಮ್ಮ ಸಂಪತ್ತಿನ ಕನಿಷ್ಠ ಶೇ 2ರಷ್ಟಾದರೂ ತೆರಿಗೆ ಕಟ್ಟಲಿ ಎಂಬುದು ಅದು. ಅವರ ಸ್ವಂತ ದೇಶದ ಸಂಸತ್ತೇ ಅದನ್ನು ಕೊನೆಗೆ ಒಪ್ಪಲಿಲ್ಲ.

ಮೊಟ್ಟೆಯ ಒಪ್ಪಂದದ ಮೂರು ವರ್ಷ 2027ಕ್ಕೆ ಮುಗಿಯುತ್ತದೆ. ಫೌಂಡೇಶನ್ ಮುಂದುವರಿಸಲೂಬಹುದು. ಈ ನಡುವೆ ಆ ಮೊಟ್ಟೆ ಬೇಯಿಸಿ ಸುಲಿಯುವ ಅಕ್ಷರ ದಾಸೋಹದ ಹೆಂಗಸರು ಗೌರವಧನ ಏರಿಸಿ ಎಂದು ಮತ್ತೆ ಮತ್ತೆ ಫ್ರೀಡಂ ಪಾರ್ಕಿಗೆ ಬಂದು ಕೂರುತ್ತಾರೆ. ಕೇಂದ್ರದ ಲೆಕ್ಕದಲ್ಲಿ ಅವರ ಗೌರವಧನ ತಿಂಗಳಿಗೆ 1,000 ರೂಪಾಯಿ. 2009ರಲ್ಲಿ ಗೊತ್ತುಮಾಡಿದ್ದು ಇನ್ನೂ ಬದಲಾಗಿಲ್ಲ. ರಾಜ್ಯ ತನ್ನ ಕಡೆಯಿಂದ ಅದಕ್ಕಿಂತ ಹೆಚ್ಚು ಸೇರಿಸುತ್ತದೆ. ವಾರಕ್ಕೆ ಎರಡು ದಿನ ಮೊಟ್ಟೆ ಸುಲಿಯುತ್ತಿದ್ದವರು ಈಗ ಆರು ದಿನ ಸುಲಿಯುತ್ತಾರೆ. ಆ ಸಂಬಳಕ್ಕೆ ದಾನಿಗಳು ಯಾರೂ ಮುಂದೆ ಬಂದಿಲ್ಲ. ಅವರೂ ದಾನಿಯ ಬಾಗಿಲಿಗೆ ಹೋಗಿಲ್ಲ, ವಿಧಾನಸೌಧದ ಕಡೆಗೇ ಮುಖ ಮಾಡಿ ಕೂತಿದ್ದಾರೆ.